ನರ್ಸಿಂಗ್ ಹೋಮಿನ ಮಂಚದಿಂದ ಬಿದ್ದರೆ ಪರಿಹಾರ ಉಂಟೇ?

ಪ್ರಶ್ನೆ: ಪಿತ್ತಕೋಶದ ಆಪರೇಷನ್ ಆದ ರಾತ್ರಿ ನನ್ನ ತಾಯಿ (72 ವರ್ಷ) ನರ್ಸಿಂಗ್ ಹೋಮಿನ ಮಂಚದಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ನಿಗೆ ಮುಂಚೆ ಒಪ್ಪಿಗೆ ಪತ್ರಕ್ಕೆ ನಾನೇ ಸಹಿ ಹಾಕಿದ್ದೆ, ಬಿಲ್ಲನ್ನೂ ನಾನೇ ಕಟ್ಟಿದ್ದೇನೆ. ಈಗ ಪರಿಹಾರ ಕೇಳಲು ಬರುತ್ತದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಸಹಿ ಹಾಕಿಬಿಟ್ಟೆವಲ್ಲ ಎಂದು ಎಷ್ಟೋ ಮನೆಯವರು ಸುಮ್ಮನಾಗುತ್ತಾರೆ. ಆ ಅಳುಕು ಸಹಜವೇ. ಆದರೆ ಒಪ್ಪಿಗೆ ಪತ್ರದಲ್ಲಿ ನೀವು ಒಪ್ಪಿದ್ದು ಆಪರೇಷನ್ನಿಗೆ ಸಹಜವಾಗಿಯೇ ಅಂಟಿಕೊಂಡಿರುವ ಅಪಾಯಗಳನ್ನು ಮಾತ್ರ. ಅರಿವಳಿಕೆಯ ಮಂಪರು ಇಳಿಯದ ವೃದ್ಧೆಯನ್ನು ನೋಡಿಕೊಳ್ಳದೆ ಬಿಡುವುದಕ್ಕೆ ನೀವು ಒಪ್ಪಿಗೆ ಕೊಟ್ಟಿಲ್ಲ.

ಹಣ ಕೊಟ್ಟು ಪಡೆಯುವ ಚಿಕಿತ್ಸೆ ಗ್ರಾಹಕ ಕಾನೂನಿನ ಅಡಿ ‘ಸೇವೆ’ಯೇ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ, ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಇನ್ನು ಯಾರು ಕೇಳಬೇಕು ಎಂಬುದು. 1998ರ ಸ್ಪ್ರಿಂಗ್ ಮೆಡೋಸ್ ಪ್ರಕರಣದಲ್ಲಿ ನರ್ಸ್ ಕೊಟ್ಟ ತಪ್ಪು ಇಂಜೆಕ್ಷನ್ನಿನಿಂದ ಮಗುವೊಂದರ ಮೆದುಳಿಗೆ ಹಾನಿಯಾಗಿತ್ತು. ಅಲ್ಲಿ ಮಗುವೂ ಗ್ರಾಹಕ, ಹಣ ಕೊಟ್ಟು ಸೇರಿಸಿದ ತಂದೆತಾಯಿಯೂ ಗ್ರಾಹಕರು ಎಂದು ಕೋರ್ಟ್ ಒಪ್ಪಿ, ಇಬ್ಬರಿಗೂ ಬೇರೆ ಬೇರೆ ಪರಿಹಾರ ಕೊಡಿಸಿತು. ಆದ್ದರಿಂದ ತಾಯಿಯೂ ನೀವೂ ಸೇರಿ ದೂರು ಕೊಡಬಹುದು. ನರ್ಸ್ ಅಥವಾ ಆಯಾ ತಪ್ಪಿದರೂ ಹೊಣೆ ನರ್ಸಿಂಗ್ ಹೋಮಿನದು.

ಬಿದ್ದರು ಎಂದಷ್ಟೇ ಹೇಳಿದರೆ ಸಾಲದು, ನಿರ್ಲಕ್ಷ್ಯವನ್ನು ತೋರಿಸಬೇಕು. ನಿಮ್ಮ ಶ್ರಮವೆಲ್ಲ ಇಲ್ಲಿಗೇ ಮೀಸಲಿರಲಿ. ಮಂಚದ ಪಕ್ಕದ ಕಂಬಿಗಳನ್ನು ಏರಿಸಿದ್ದರೇ? ಕರೆಗಂಟೆ ಕೈಗೆಟುಕುವಂತಿತ್ತೇ? ರಾತ್ರಿ ಎಷ್ಟು ಹೊತ್ತಿಗೆ ಯಾರು ಬಂದು ನೋಡಿದರು? ಬಿದ್ದ ಎಷ್ಟು ಹೊತ್ತಿನ ಮೇಲೆ ಎಕ್ಸ್‌ರೇ ತೆಗೆದರು? ಇವಕ್ಕೆ ಉತ್ತರ ಕೇಸ್ ಶೀಟಿನಲ್ಲಿ, ನರ್ಸ್‌ಗಳು ಬರೆದಿಟ್ಟ ಟಿಪ್ಪಣಿಗಳಲ್ಲಿ ಇರಬೇಕು. ರೋಗಿಯ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ 2002ರ ನಡತೆ ನಿಯಮಗಳಲ್ಲಿದೆ. ಬಾಯಿಮಾತಿನಲ್ಲಿ ಕೇಳಬೇಡಿ, ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಮಾತಿಗೆ ಬಲ ಬರುವುದು ಈ ಕಾಗದಗಳಿಂದಲೇ.

ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡಬೇಕು. ನರ್ಸಿಂಗ್ ಹೋಮ್ ಬೆಂಗಳೂರಿನಲ್ಲಿದ್ದರೂ, 2019ರ ಕಾಯಿದೆಯಂತೆ ನೀವು ವಾಸವಿರುವ ತುಮಕೂರಿನಲ್ಲೇ ಕೊಡಬಹುದು. ಯಾವ ಆಯೋಗ, ಎಷ್ಟು ಶುಲ್ಕ ಎಂಬುದು ನೀವು ಕಟ್ಟಿದ ಬಿಲ್ಲಿನ ಮೇಲೆ ನಿಂತಿದೆ, ಕೇಳುವ ಪರಿಹಾರದ ಮೇಲಲ್ಲ. ಬಿಲ್ 50 ಲಕ್ಷ ರೂಪಾಯಿಯ ಒಳಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯವಲ್ಲ, ಆದರೂ ವೈದ್ಯಕೀಯ ಪ್ರಕರಣಗಳಲ್ಲಿ ಅವರಿದ್ದರೆ ಒಳ್ಳೆಯದೆಂದು ನನ್ನ ಅಭಿಪ್ರಾಯ. ಘಟನೆ ನಡೆದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಎರಡನೆಯ ಆಪರೇಷನ್, ಫಿಸಿಯೋಥೆರಪಿ, ಮನೆಯಲ್ಲಿ ನೋಡಿಕೊಳ್ಳುವವರ ಸಂಬಳ, ಎಲ್ಲದರ ರಸೀದಿ ಇಟ್ಟುಕೊಳ್ಳಿ. ತಾಯಿ ಪಟ್ಟ ನೋವಿಗೂ ಪರಿಹಾರ ಕೇಳಬಹುದು.

ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ ಬರೆಯಬಹುದು. ಆದರೆ ಅದು ವೈದ್ಯರ ನಡತೆಯನ್ನು ವಿಚಾರಿಸುತ್ತದೆಯೇ ಹೊರತು ಹಣ ಕೊಡಿಸುವುದಿಲ್ಲ. ಅಲ್ಲಿಯ ತೀರ್ಮಾನಕ್ಕೆ ಕಾಯುತ್ತ ಆಯೋಗದ ಗಡುವನ್ನು ಮೀರಬೇಡಿ.