ಹಳೆಯ ಲಾರಿ ಎಂಜಿನ್ನಿನಲ್ಲಿ ಕಳಚಿದ ಎಣ್ಣೆ ಪಂಪಿನ ಷಾಫ್ಟನ್ನು ಮತ್ತೆ ಕೂರಿಸುವ ಕ್ರಮ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ರೈತರಿಗೆ ಬೆಳೆಯುವುದು ಎಷ್ಟು ಮುಖ್ಯವೋ ಬೆಳೆದದ್ದನ್ನು ಹೊತ್ತಿಗೆ ಸರಿಯಾಗಿ ಪೇಟೆಗೆ ಮುಟ್ಟಿಸುವುದೂ ಅಷ್ಟೇ ಮುಖ್ಯ. ಶೇಂಗಾ, ಮೆಕ್ಕೆಜೋಳ ನಾಲ್ಕು ದಿನ ಕಾದಾವು. ಕಿತ್ತ ಈರುಳ್ಳಿ ಮಳೆಗೆ ನೆನೆದರೆ ಕೊಳೆಯುತ್ತದೆ. ಹಡಗಲಿಯ ಮಲ್ಲಿಗೆ ಒಂದು ಹೊತ್ತು ತಡವಾದರೂ ಬಾಡುತ್ತದೆ. ಇಂಥ ವೇಳೆಯಲ್ಲಿ ಗಾಡಿ ಕೆಟ್ಟು ನಿಂತರೆ ರೈತನಿಗೆ ಎರಡು ಕಡೆಯ ನಷ್ಟ.

ಹಳೆಯ ಪೆಟ್ರೋಲ್ ಲಾರಿ ಮತ್ತು ಜೀಪುಗಳಲ್ಲಿ ಸಣ್ಣ ರಿಪೇರಿಯೊಂದು ಇಡೀ ಎಂಜಿನ್ನನ್ನೇ ಹಾಳುಮಾಡುವ ಸಂದರ್ಭವಿದೆ. ಪಾಯಿಂಟು ಅಥವಾ ಬುಷ್ ಬದಲಿಸಲು ಸಂಜೆ ಡಿಸ್ಟ್ರಿಬ್ಯೂಟರನ್ನು ಬಿಚ್ಚಿ ಮತ್ತೆ ಕೂರಿಸಲಾಗಿದೆ ಎಂದುಕೊಳ್ಳೋಣ. ಬೆಳಿಗ್ಗೆ ಎಂಜಿನ್ ಒಂದೇ ಏಟಿಗೆ ಹೊತ್ತಿಕೊಳ್ಳುತ್ತದೆ, ಸದ್ದೂ ಸರಿಯಾಗಿದೆ. ಆದರೆ ಒಳಗೆ ಎಣ್ಣೆ ಪಂಪು ತಿರುಗುತ್ತಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಟಕಟಕ ಸದ್ದು ಹುಟ್ಟಿ, ಬೇರಿಂಗುಗಳು ಸುಟ್ಟು, ಎಂಜಿನ್ ಹಿಡಿದುಕೊಳ್ಳುತ್ತದೆ. ಇದಕ್ಕೆ ಕಾರಣ ಪಂಪನ್ನು ತಿರುಗಿಸುವ ಷಾಫ್ಟು ತನ್ನ ಜಾಗದಲ್ಲಿ ಕೂರದಿರುವುದು.

ಎರಡು ಬಗೆಯ ಜೋಡಣೆ

ಈ ಎಂಜಿನ್ನುಗಳಲ್ಲಿ ಕ್ಯಾಮ್ ಷಾಫ್ಟಿನ ಓರೆ ಹಲ್ಲಿನ ಗಿಯರೇ ಡಿಸ್ಟ್ರಿಬ್ಯೂಟರಿಗೂ ಎಣ್ಣೆ ಪಂಪಿಗೂ ಚಾಲನೆ ಕೊಡುತ್ತದೆ. ಕ್ರಾಂಕ್ ಷಾಫ್ಟು ಎರಡು ಸುತ್ತು ತಿರುಗಿದಾಗ ಇವು ಒಂದು ಸುತ್ತು ತಿರುಗುತ್ತವೆ. ಜೋಡಣೆಯಲ್ಲಿ ಎರಡು ಬಗೆಯಿದೆ.

ಮೊದಲನೆಯ ಬಗೆ: ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಡಾಡ್ಜ್ ಮತ್ತು ಫಾರ್ಗೊ ಲಾರಿಗಳ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಮಹೀಂದ್ರ ವಿಲ್ಲಿಸ್ ಜೀಪಿನ ನಾಲ್ಕು ಸಿಲಿಂಡರಿನ ಎಂಜಿನ್ ಈ ಬಗೆಯವು. ಪಂಪು ಎಂಜಿನ್ನಿನ ಪಕ್ಕದಲ್ಲಿ ಹೊರಗೇ ಇರುತ್ತದೆ. ಪಂಪಿನ ಷಾಫ್ಟು ಕ್ಯಾಮ್ ಗಿಯರಿನಿಂದ ತಿರುಗಿ, ನಾಲಿಗೆ ಮತ್ತು ಸೀಳಿನ ಜೋಡಣೆಯಿಂದ ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತದೆ. ಇಲ್ಲಿ ಪಂಪು ನಿಂತರೆ ಡಿಸ್ಟ್ರಿಬ್ಯೂಟರೂ ನಿಲ್ಲುವುದರಿಂದ ಎಂಜಿನ್ ಹೊತ್ತಿಕೊಳ್ಳುವುದೇ ಇಲ್ಲ.

ಎರಡನೆಯ ಬಗೆ: ಹಳೆಯ ಷೆವ್ರೊಲೆ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ಯಾಮ್ ಗಿಯರು ಡಿಸ್ಟ್ರಿಬ್ಯೂಟರನ್ನು ತಿರುಗಿಸುತ್ತದೆ, ಅದರ ಕೆಳತುದಿ ಚೇಂಬರಿನೊಳಗಿನ ಪಂಪನ್ನು ತಿರುಗಿಸುತ್ತದೆ. ಕೆಲವು ಫೋರ್ಡ್ ಎಂಜಿನ್ನುಗಳಲ್ಲಿ ಇವೆರಡರ ನಡುವೆ ಆರು ಮೂಲೆಯ ಬಿಡಿ ಸಲಾಕೆಯೊಂದು ಇರುತ್ತದೆ. ಇಲ್ಲಿ ಪಂಪು ನಿಂತಿದ್ದರೂ ಕಿಡಿ ಬರುತ್ತದೆ, ಎಂಜಿನ್ ಓಡುತ್ತದೆ. ಆದುದರಿಂದ ಇದೇ ಹೆಚ್ಚು ಅಪಾಯಕಾರಿ.

ಬಿಚ್ಚುವ ಮುನ್ನ

1. ಬ್ಯಾಟರಿಯ ತಂತಿ ಕಳಚಬೇಕು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ರೋಟರ್ ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಗೀಚಿ ಗುರುತು ಮಾಡಬೇಕು. ಡಿಸ್ಟ್ರಿಬ್ಯೂಟರ್ ಎಂಜಿನ್ನಿನ ಮೇಲೆ ಕೂತ ರೀತಿಗೂ ಒಂದು ಗುರುತು ಇರಲಿ.

2. ಗುರುತು ಮಾಡಿದ ಮೇಲೆ ಎಂಜಿನ್ನನ್ನು ತಿರುಗಿಸಬಾರದು. ಗೇರಿನಲ್ಲಿಟ್ಟು ಗಾಡಿಯನ್ನು ತಳ್ಳಲೂಬಾರದು.

3. ಡಿಸ್ಟ್ರಿಬ್ಯೂಟರನ್ನು ನಿಧಾನವಾಗಿ ಮೇಲೆತ್ತಬೇಕು. ಜಿಡ್ಡಿಗೆ ಅಂಟಿಕೊಂಡು ಸಲಾಕೆಯೂ ಮೇಲೆ ಬಂದು, ನಡುವೆ ಕಳಚಿ ಚೇಂಬರಿಗೆ ಬೀಳುವುದುಂಟು. ಬಿದ್ದರೆ ಉದ್ದ ತಂತಿಗೆ ಅಯಸ್ಕಾಂತ ಕಟ್ಟಿ ಎತ್ತಲು ನೋಡಬೇಕು. ಸಿಗದಿದ್ದರೆ ಚೇಂಬರನ್ನೇ ಇಳಿಸಬೇಕು. ಹಾಗೇ ಬಿಟ್ಟು ಎಂಜಿನ್ ತಿರುಗಿಸಿದರೆ ಸಲಾಕೆ ಕ್ರಾಂಕ್ ಷಾಫ್ಟಿಗೆ ಸಿಕ್ಕಬಹುದು.

ಗುರುತು ತಪ್ಪಿದ್ದರೆ

ಒಂದನೆಯ ಸಿಲಿಂಡರಿನ ಪ್ಲಗ್ಗು ಬಿಚ್ಚಿ ತೂತಿಗೆ ಬೆರಳು ಒತ್ತಿ, ಹ್ಯಾಂಡಲಿನಿಂದ ಎಂಜಿನ್ನನ್ನು ನಿಧಾನವಾಗಿ ತಿರುಗಿಸಬೇಕು. ಗಾಳಿ ಬೆರಳನ್ನು ಹೊರಕ್ಕೆ ತಳ್ಳುವಾಗ ಪಿಸ್ಟನ್ ಒತ್ತಡದ ಹೊಡೆತದಲ್ಲಿ ಮೇಲೇರುತ್ತಿದೆ ಎಂದು ತಿಳಿಯಬೇಕು. ಆಗ ಪುಲಿ ಅಥವಾ ಫ್ಲೈವ್ಹೀಲ್ ಮೇಲಿನ ಗುರುತು ಮುಳ್ಳಿಗೆ ಸರಿಯಾಗುವವರೆಗೆ ತಿರುಗಿಸಿ ನಿಲ್ಲಿಸಬೇಕು. ರೋಟರ್ ಒಂದನೆಯ ಪ್ಲಗ್ಗಿನ ತಂತಿಯತ್ತ ಮುಖ ಮಾಡಿರಬೇಕು. ಗಾಳಿ ತಳ್ಳದೆ ಗುರುತು ಮಾತ್ರ ಕೂಡಿದ್ದರೆ ಅದು ಹೊಗೆ ಹೊರಹೋಗುವ ಹೊಡೆತ. ಇನ್ನೂ ಒಂದು ಸುತ್ತು ತಿರುಗಿಸಬೇಕು. ಕಿಡಿಯ ಸರದಿ ಜೀಪಿನಲ್ಲಿ 1-3-4-2, ಡಾಡ್ಜ್ ಮತ್ತು ಫಾರ್ಗೊ ಆರು ಸಿಲಿಂಡರಿನಲ್ಲಿ 1-5-3-6-2-4.

ಮೊದಲನೆಯ ಬಗೆಯಲ್ಲಿ ಕೂರಿಸುವುದು

ಪಂಪಿನೊಳಗೆ ಶುದ್ಧ ಎಂಜಿನ್ ಎಣ್ಣೆ ತುಂಬಿ ಕೈಯಿಂದ ತಿರುಗಿಸಿ ನೋಡಬೇಕು. ಒಣಗಿದ ಪಂಪು ಎಣ್ಣೆ ಎಳೆಯಲು ತಡಮಾಡುತ್ತದೆ. ಹೊಸ ಪ್ಯಾಕಿಂಗ್ ಹಾಕಿ ಪಂಪನ್ನು ಒಳಗೆ ಸರಿಸಬೇಕು. ಗಿಯರಿನ ಹಲ್ಲು ಓರೆಯಾಗಿರುವುದರಿಂದ ಪಂಪು ಒಳಹೋಗುತ್ತಿದ್ದಂತೆ ಷಾಫ್ಟು ತಾನೇ ಸ್ವಲ್ಪ ತಿರುಗುತ್ತದೆ. ಆದುದರಿಂದ ಅದನ್ನು ಮೊದಲೇ ಅಷ್ಟು ಹಿಂದಕ್ಕೆ ತಿರುಗಿಸಿಟ್ಟು ಸೇರಿಸಬೇಕು. ಪೂರ್ತಿ ಕೂತ ಮೇಲೆ ಡಿಸ್ಟ್ರಿಬ್ಯೂಟರಿನ ತೂತಿನಿಂದ ಟಾರ್ಚು ಬಿಟ್ಟು ಜೋಡಣೆಯ ತುದಿಯ ದಿಕ್ಕನ್ನು ಪರೀಕ್ಷಿಸಬೇಕು. ಜೀಪಿನಲ್ಲಿ ಈ ಕೊರೆತ ನಟ್ಟನಡುವಿನಲ್ಲಿಲ್ಲ. ಒಂದೇ ರೀತಿಯಲ್ಲಿ ಹೊಂದುತ್ತದೆ. ರೋಟರ್ ದಿಕ್ಕು ತಪ್ಪಿದರೆ ಪಂಪನ್ನು ಹೊರಗೆಳೆದು ಒಂದು ಹಲ್ಲು ಆಚೀಚೆ ಮಾಡಬೇಕು.

ಎರಡನೆಯ ಬಗೆಯಲ್ಲಿ ಕೂರಿಸುವುದು

ಸಲಾಕೆಯ ಮೂಲೆಗಳು ಸವೆದು ದುಂಡಗಾಗಿದ್ದರೆ ಅಥವಾ ಅದು ತಿರುಚಿಕೊಂಡಿದ್ದರೆ ಹೊಸದನ್ನೇ ಹಾಕಬೇಕು. ತಿರುಚಿಕೊಂಡ ಸಲಾಕೆ ಪಂಪಿನಲ್ಲಿ ಕಸ ಸಿಕ್ಕಿ ಬಿಗಿದಿರುವುದರ ಸೂಚನೆಯಾಗಿರಬಹುದು. ಮೊದಲು ಪಂಪನ್ನು ಪರೀಕ್ಷಿಸಬೇಕು. ಸಲಾಕೆಗೆ ತಡೆ ಕ್ಲಿಪ್ಪು ಇದ್ದರೆ ಅದು ಮೇಲ್ಭಾಗದಲ್ಲಿ ಇರಬೇಕು. ಡಿಸ್ಟ್ರಿಬ್ಯೂಟರಿನ ಜೊತೆ ಸಲಾಕೆ ಮೇಲೆದ್ದು ಬರದಂತೆ ತಡೆಯುವುದು ಅದೇ.

ಡಿಸ್ಟ್ರಿಬ್ಯೂಟರಿನ ಗಿಯರು ಹಲ್ಲಿಗೆ ಹಲ್ಲು ಕೂಡಿದ ಮೇಲೂ ಅದು ಸುಮಾರು ಕಾಲು ಅಂಗುಲ ಮೇಲೆಯೇ ನಿಲ್ಲುವುದುಂಟು. ಪಂಪಿನ ತುದಿ ಇನ್ನೂ ಹೊಂದಿಲ್ಲ ಎಂಬುದೇ ಇದರ ಅರ್ಥ. ಸುತ್ತಿಗೆಯಿಂದ ಬಡಿಯುವುದಾಗಲಿ, ಬೋಲ್ಟು ಬಿಗಿದು ಕೆಳಕ್ಕೆಳೆಯುವುದಾಗಲಿ ಸಲ್ಲದು. ಅದರಿಂದ ಷಾಫ್ಟು ಬಾಗುತ್ತದೆ, ಇಲ್ಲವೆ ಎರಕದ ಕಿವಿ ಸೀಳುತ್ತದೆ. ಒಬ್ಬರು ಕೈಯಿಂದ ಹಗುರವಾಗಿ ಒತ್ತಿಹಿಡಿದು, ಮತ್ತೊಬ್ಬರು ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಬೇಕು. ತುದಿ ಹೊಂದಿದ ಕ್ಷಣ ಡಿಸ್ಟ್ರಿಬ್ಯೂಟರ್ ತಾನಾಗಿಯೇ ಕೆಳಗಿಳಿಯುತ್ತದೆ. ಅನಂತರ ಮತ್ತೆ ಒಂದನೆಯ ಸಿಲಿಂಡರಿನ ಗುರುತಿಗೆ ತಂದು ರೋಟರಿನ ದಿಕ್ಕು ನೋಡಿಕೊಳ್ಳಬೇಕು.

ಕೊನೆಯ ಪರೀಕ್ಷೆ

ಇದನ್ನು ಯಾವ ಅವಸರದಲ್ಲೂ ಬಿಡಬಾರದು. ಚೇಂಬರಿನಲ್ಲಿ ಎಣ್ಣೆಯ ಮಟ್ಟ ನೋಡಿ, ಬ್ಯಾಟರಿಯ ತಂತಿ ಜೋಡಿಸಿ, ಕಿಡಿ ಬರದಂತೆ ಕಾಯಿಲಿನ ಸಣ್ಣ ತಂತಿ ಕಳಚಬೇಕು. ಎಣ್ಣೆ ಒತ್ತಡದ ಮೀಟರಿಗೆ ಹೋಗುವ ಸಣ್ಣ ಕೊಳವೆಯ ನಟ್ಟನ್ನು ಸಡಿಲಿಸಿ, ಸ್ಟಾರ್ಟರಿನಿಂದ ಎಂಜಿನ್ನನ್ನು ಬಿಟ್ಟುಬಿಟ್ಟು ತಿರುಗಿಸಬೇಕು. ನಟ್ಟಿನ ಬಳಿ ಎಣ್ಣೆ ಒಸರಿದರೆ ಪಂಪು ತಿರುಗುತ್ತಿದೆ. ಒಸರದಿದ್ದರೆ ಎಂಜಿನ್ ಚಾಲು ಮಾಡದೆ ಮತ್ತೆ ಬಿಚ್ಚಿ ನೋಡಬೇಕು.

ಎಣ್ಣೆ ಕಂಡ ಮೇಲೆ ನಟ್ಟು ಬಿಗಿದು, ಕಾಯಿಲಿನ ತಂತಿ ಸೇರಿಸಿ ಚಾಲು ಮಾಡಬೇಕು. 10 ಸೆಕೆಂಡಿನೊಳಗೆ ಮೀಟರಿನ ಮುಳ್ಳು ಏಳದಿದ್ದರೆ ತಕ್ಷಣ ನಿಲ್ಲಿಸಬೇಕು. ಬಿಸಿಯಾದ ಎಂಜಿನ್ ಓಟದ ವೇಗದಲ್ಲಿರುವಾಗ ಚದರ ಅಂಗುಲಕ್ಕೆ ಸುಮಾರು 30ರಿಂದ 45 ಪೌಂಡು ಒತ್ತಡ ಇಂಥ ಎಂಜಿನ್ನುಗಳಲ್ಲಿ ಸಾಮಾನ್ಯ. ನಿಂತಲ್ಲೇ ನಿಧಾನವಾಗಿ ಓಡುವಾಗ ಇದು ಕಡಿಮೆಯಿರುತ್ತದೆ. ತಯಾರಕರ ಪುಸ್ತಕವಿದ್ದರೆ ಅದರ ಅಂಕಿಯನ್ನೇ ಹಿಡಿಯಬೇಕು. ಮೀಟರು ಕೆಟ್ಟಿದ್ದರೆ ಮೊದಲು ಅದನ್ನು ಸರಿಪಡಿಸಬೇಕು.

ಟ್ರಾಕ್ಟರು ಮತ್ತು ಡೀಸೆಲ್ ಲಾರಿಗಳಲ್ಲಿ ಇಂಥ ಡಿಸ್ಟ್ರಿಬ್ಯೂಟರ್ ಇಲ್ಲ. ಆದರೂ ಪಂಪಿಗೆ ಸಂಬಂಧಿಸಿದ ಯಾವ ರಿಪೇರಿಯಾದ ಮೇಲೂ ಒತ್ತಡ ನೋಡಿಯೇ ಭಾರ ಹಾಕುವ ನಿಯಮ ಅವಕ್ಕೂ ಸಲ್ಲುತ್ತದೆ.

ನೆನಪಿಡಬೇಕಾದ ಮಾತು ಒಂದೇ: ಎಂಜಿನ್ ಹೊತ್ತಿಕೊಂಡಿತು ಎಂಬುದು ರಿಪೇರಿ ಸರಿಯಾಯಿತು ಎಂಬುದಕ್ಕೆ ಸಾಕ್ಷಿಯಲ್ಲ. ಎಣ್ಣೆಯನ್ನು ಕಣ್ಣಾರೆ ಕಂಡ ಮೇಲೆಯೇ ಚೀಲಗಳನ್ನು ಹೇರಬೇಕು.