‘ಬೇಡ’ ಎಂಬ ಮಾತಿಗೆ ಚಿತ್ರ ಬರೆಯುವುದು ಹೇಗೆ?



ಗದ್ದೆಯ ಬದುವನ್ನು, ಅಂದರೆ ನಮ್ಮ ಕಡೆಯ ಹುಣಿಯನ್ನು, ನೀವೆಲ್ಲರೂ ನೋಡಿದ್ದೀರಿ. ಅದು ನೆರೆಯವನೊಡನೆ ಜಗಳವಾಡಲು ಕಟ್ಟಿದ್ದಲ್ಲ. ಗದ್ದೆಯಲ್ಲಿ ನೀರು ಎಷ್ಟು ನಿಲ್ಲಬೇಕು, ಎಷ್ಟು ಹರಿದುಹೋಗಬೇಕು ಎಂಬುದಕ್ಕಾಗಿ ಕಟ್ಟಿದ್ದು. ಬೇಕಾದಾಗ ಬೇಸಾಯಗಾರನೇ ಅದನ್ನು ಕಡಿದು ನೀರು ಬಿಡುತ್ತಾನೆ. ಸಾಕಾದಾಗ ಒಂದು ಹೆಂಟೆ ಮಣ್ಣಿಟ್ಟು ಮುಚ್ಚುತ್ತಾನೆ.

ಮನುಷ್ಯನಿಗೂ ಇಂಥ ಎಲ್ಲೆಯಿದೆ. ನನ್ನ ದೇಹವನ್ನು ಯಾರು ಮುಟ್ಟಬಹುದು, ನನ್ನ ದಿನಚರಿಯನ್ನು ಯಾರು ಓದಬಹುದು, ನನ್ನ ಭಾವಚಿತ್ರವನ್ನು ಯಾರು ಇತರರಿಗೆ ಕಳುಹಿಸಬಹುದು ಎಂಬುದನ್ನು ಹೇಳುವ ಹಕ್ಕು ನನಗಿದೆ. ಇದೇ ವೈಯಕ್ತಿಕ ಎಲ್ಲೆ. ಮಕ್ಕಳೂ ಹೆತ್ತವರೂ ಕೂಡಿ ಕುಳಿತು ಈ ವಿಷಯವನ್ನು ಮಾತನಾಡಲು ನೆರವಾಗುವ ಒಂದು ಮೊಬೈಲ್ ಆ್ಯಪನ್ನು ಮಾಡುವುದಾದರೆ, ಅದರ ಚಿತ್ರಗಳು ಹೇಗಿರಬೇಕು? ಈ ಪಾಠದ ವಿಷಯ ಅದು.

ಚಿತ್ರವೇ ಏಕೆ ಬೇಕು? ಬಾಯಲ್ಲಿ ಹೇಳಲು ನಾಚಿಕೆಯಾದುದನ್ನು ಬೆರಳಿಟ್ಟು ತೋರಿಸಬಹುದು. ಅಲ್ಲದೆ ಚಿತ್ರಕ್ಕೆ ಭಾಷೆಯ ತೊಡಕಿಲ್ಲ. 1951–52ರ ಮೊದಲ ಮಹಾಚುನಾವಣೆಯಲ್ಲಿ ಓದು ಬಾರದವರೂ ಮತ ಹಾಕಲೆಂದು ಮತಪೆಟ್ಟಿಗೆಗಳ ಮೇಲೆ ಪಕ್ಷಗಳ ಚಿಹ್ನೆಗಳನ್ನು ಅಂಟಿಸಿದ್ದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ‘ಬೇಡ ಎನ್ನುವ ಮಗು’ ಎಂಬ ಚಿತ್ರ ಬರೆಯಲು ಹೇಳಿದೆ. ಹೆಚ್ಚಿನ ಹಾಳೆಗಳಲ್ಲಿ ಮಗು ತಲೆ ತಗ್ಗಿಸಿ ನಿಂತಿತ್ತು. ಎದುರಿಗಿದ್ದ ಹಿರಿಯರು ಅದರ ಮೂರರಷ್ಟು ಎತ್ತರ! ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಮಕ್ಕಳು ತಮ್ಮನ್ನೇ ಚಿತ್ರಿಸಿಕೊಂಡಿದ್ದರು. ‘ಬೇಡ’ ಎನ್ನುವುದು ಅಪರಾಧವೆಂದು ನಾವು ಹಿರಿಯರೇ ಅವರಿಗೆ ಕಲಿಸಿದ್ದೇವೆಯೇ ಎಂದು ಅಂದು ನನಗೆ ಕಳವಳವಾಯಿತು. ಮುಂದಿನ ಸೂಚನೆಗಳು ಹುಟ್ಟಿದ್ದು ಆ ಹಾಳೆಗಳಿಂದ.

1. ನಿಲುವು: ಮಗುವಿನ ಬೆನ್ನು ನೆಟ್ಟಗಿರಲಿ. ಹಿರಿಯರನ್ನು ಕುಳಿತಂತೆ ಬರೆಯಿರಿ. ಆಗ ಇಬ್ಬರ ಕಣ್ಣುಗಳೂ ಒಂದೇ ಮಟ್ಟದಲ್ಲಿ ಬರುತ್ತವೆ. ಮಗುವಿನ ಮುಖದಲ್ಲಿ ಸಿಟ್ಟೂ ಬೇಡ, ಅಳುವೂ ಬೇಡ.

2. ಬಣ್ಣ: ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿ ಎಂದರೆ ತಪ್ಪು. ಆದುದರಿಂದ ‘ಬೇಡ’ಕ್ಕೆ ಕೆಂಪು, ‘ಸರಿ’ಗೆ ಹಸಿರು ಬಳಿದರೆ ಬೇಡವೆಂದವನೇ ತಪ್ಪಿತಸ್ಥನಂತೆ ಕಾಣುತ್ತಾನೆ. ಕೆಂಪು ಹಸಿರುಗಳ ಭೇದ ತಿಳಿಯದ ಕಣ್ಣುಳ್ಳವರೂ ಇದ್ದಾರೆ. ಗಂಡುಮಕ್ಕಳಲ್ಲಿ ಇದು ಹೆಚ್ಚು. ಎರಡಕ್ಕೂ ತಿಳಿಯಾದ ಬಣ್ಣ ಕೊಟ್ಟು, ಆಕಾರದಲ್ಲಿ ವ್ಯತ್ಯಾಸ ತೋರಿಸಿರಿ: ಒಂದು ವೃತ್ತ, ಒಂದು ಚೌಕ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1ರಷ್ಟು ಇರಬೇಕೆಂಬುದು ಜಾಲತಾಣ ರಚಿಸುವವರು ಒಪ್ಪಿಕೊಂಡ ಅಳತೆ.

3. ಗುಂಡಿಗಳು: ‘ಸರಿ’ ಎಂಬುದನ್ನು ದೊಡ್ಡದಾಗಿ, ‘ಬೇಡ’ವನ್ನು ಮೂಲೆಯಲ್ಲಿ ಚಿಕ್ಕದಾಗಿ ಬರೆಯುವುದು ಮೋಸ. ಎರಡೂ ಸಮನಾಗಿರಲಿ. ಬೆರಳಿಗೆ ಎಟಕಲು ಅಗಲ ಸುಮಾರು 9 ಮಿಲಿಮೀಟರ್ ಆದರೂ ಬೇಕು. ‘ಯೋಚಿಸಿ ಹೇಳುತ್ತೇನೆ’ ಎಂಬ ಮೂರನೆಯದೂ ಇರಲಿ. ಒಮ್ಮೆ ‘ಸರಿ’ ಎಂದವರು ಅನಂತರ ‘ಬೇಡ’ ಎನ್ನಲೂ ದಾರಿಯಿರಲಿ. ಹುಣಿಯನ್ನು ಕಡಿದವನಿಗೇ ಮತ್ತೆ ಮುಚ್ಚುವ ಅಧಿಕಾರವೂ ಇದೆಯಲ್ಲವೆ?

4. ಭಯ ಬೇಡ: ಕೋರೆಹಲ್ಲಿನ ರಾಕ್ಷಸನನ್ನು ಬರೆಯಬಾರದು. ಎಲ್ಲೆ ಮೀರುವವರು ಅನೇಕ ವೇಳೆ ನಗುಮುಖದ ಪರಿಚಿತರೇ ಆಗಿರುತ್ತಾರೆ. ರಾಕ್ಷಸನನ್ನೇ ಹುಡುಕುವ ಮಗು ಅವರನ್ನು ಗುರುತಿಸಲಾರದು. ಅದಕ್ಕಿಂತ, ಯಾರ ಬಳಿ ಹೇಳಿಕೊಳ್ಳಬಹುದು ಎಂಬುದನ್ನು ಚಿತ್ರಿಸಿರಿ: ತಾಯಿ, ಅಜ್ಜ, ಟೀಚರ್. ಕೊನೆಯ ಪುಟದಲ್ಲಿ 1098 ಎಂಬ ಅಂಕೆಗಳು ದಪ್ಪವಾಗಿರಲಿ. ಹಗಲು ರಾತ್ರಿ ಉಚಿತವಾಗಿ ಕರೆಮಾಡಬಹುದಾದ ಮಕ್ಕಳ ಸಹಾಯವಾಣಿ ಇದು. ಹದಿನೆಂಟು ವರ್ಷ ತುಂಬದ ಎಲ್ಲ ಗಂಡು ಹೆಣ್ಣು ಮಕ್ಕಳನ್ನೂ ಲೈಂಗಿಕ ಕಿರುಕುಳದಿಂದ ರಕ್ಷಿಸಲು 2012ರ ಪೋಕ್ಸೋ ಕಾಯಿದೆ ಇದೆ ಎಂಬುದೂ ತಿಳಿದಿರಲಿ.

ಹೆತ್ತವರಲ್ಲಿ ಒಂದು ವಿನಂತಿ. ಇಂದು ರಾತ್ರಿ ಊಟವಾದ ಮೇಲೆ ಮಗುವಿನ ಕೈಗೆ ಕಾಗದ, ಪೆನ್ಸಿಲ್ ಕೊಟ್ಟು ‘ಬೇಡ ಎನ್ನುವ ನೀನು’ ಎಂಬ ಚಿತ್ರ ಬರೆಯಲು ಹೇಳಿರಿ. ಬರೆದುದನ್ನು ತಿದ್ದಬೇಡಿರಿ. ತಲೆ ತಗ್ಗಿದೆಯೇ, ಎತ್ತಿದೆಯೇ ಎಂದಷ್ಟೇ ನೋಡಿರಿ. ತಗ್ಗಿದ್ದರೆ ಬದಲಾಗಬೇಕಾದುದು ಚಿತ್ರವಲ್ಲ, ಮನೆಯ ಮಾತು. ‘ನೆಂಟರ ತೊಡೆಯ ಮೇಲೆ ಕೂರಲು ಇಷ್ಟವಿಲ್ಲದಿದ್ದರೆ ಕೂರಬೇಕಾಗಿಲ್ಲ, ಕೈಮುಗಿದು ನಮಸ್ಕರಿಸಿದರೆ ಸಾಕು’ ಎಂಬ ಒಂದು ಮಾತಿನಿಂದ ಅದನ್ನು ಆರಂಭಿಸಬಹುದು. ಹಿರಿಯರ ಮೇಲಿನ ಗೌರವಕ್ಕೆ ಅದರಿಂದ ಕುಂದಿಲ್ಲ. ಮಗುವಿನ ತಲೆ ಮಾತ್ರ ನೆಟ್ಟಗಾಗುತ್ತದೆ.