ಬೇಸಿಗೆಯ ಈಜು ತಂಡಕ್ಕೆ ಮಗುವನ್ನು ಅಣಿಗೊಳಿಸುವುದು

ಅಮೆರಿಕದಲ್ಲಿ ಮೇ ತಿಂಗಳ ಕೊನೆಯ ಸೋಮವಾರ ಮೆಮೋರಿಯಲ್ ಡೇ. ಆ ರಜೆಯ ಹೊತ್ತಿಗೆ ಬಡಾವಣೆಗಳ ಬಯಲು ಈಜುಕೊಳಗಳು ತೆರೆಯುತ್ತವೆ, ಅದರ ಬೆನ್ನಿಗೇ ಬೇಸಿಗೆ ತಂಡಗಳ ಅಭ್ಯಾಸವೂ ಶುರುವಾಗುತ್ತದೆ. ಸಹಪಾಠಿಗಳೆಲ್ಲ ಒಂದೇ ಬಣ್ಣದ ಟೋಪಿ ಹಾಕಿಕೊಂಡು ಓಡಾಡುವುದನ್ನು ಕಂಡು ನಮ್ಮ ಕನ್ನಡ ಮನೆಗಳ ಮಕ್ಕಳು "ನಾನೂ ಸೇರ್ತೀನಿ" ಎಂದು ಹಟ ಹಿಡಿಯುವುದು ಆಗಲೇ. ಆದರೆ ಅಷ್ಟರಲ್ಲಿ ತಡವಾಗಿರುತ್ತದೆ. ತಂಡದ ಕೋಚ್ ಮೊದಲಿನಿಂದ ಈಜು ಕಲಿಸುವುದಿಲ್ಲ, ಈಜಲು ಬರುವ ಮಗುವನ್ನು ತಿದ್ದುತ್ತಾರೆ. ಒಂದು ಲೇನಿನಲ್ಲಿ ಆರೇಳು ಮಕ್ಕಳಿರುವಾಗ ಒಬ್ಬರ ಕೈ ಹಿಡಿದು ನಿಲ್ಲಲು ಅವರಿಗೆ ಪುರುಸೊತ್ತೂ ಇರುವುದಿಲ್ಲ.

ಹಾಗೆಂದು ಮಗು ವೇಗವಾಗಿ ಈಜಬೇಕಾಗಿಲ್ಲ. ನೀರಿನಲ್ಲಿ ಗಾಬರಿಯಾಗದೆ ಉಸಿರಾಡುತ್ತಾ, ಯಾರ ಆಸರೆಯೂ ಇಲ್ಲದೆ ಈ ತುದಿಯಿಂದ ಆ ತುದಿ ಮುಟ್ಟಿದರೆ ಸಾಕು. ಒಂಬತ್ತು ಒಲಿಂಪಿಕ್ ಚಿನ್ನ ಗೆದ್ದ ಕೇಟಿ ಲೆಡೆಕಿ ಆರನೇ ವಯಸ್ಸಿನಲ್ಲಿ ಈಜಲು ಶುರು ಮಾಡಿದ್ದು ಮೇರಿಲ್ಯಾಂಡಿನ ಪ್ಯಾಲಿಸೇಡ್ಸ್ ಎಂಬ ಇಂಥದ್ದೇ ಬಡಾವಣೆ ತಂಡದಲ್ಲಿ.

ಹಂತ 1: ಚಳಿಗಾಲದಲ್ಲೇ ತಂಡ ಹುಡುಕಿ

ಬಹಳಷ್ಟು ತಂಡಗಳು ಆಯಾ ಕೊಳದ ಸದಸ್ಯರ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತವೆ. ಕೆಲವು ಕೊಳಗಳ ಸದಸ್ಯತ್ವಕ್ಕೆ ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಜನವರಿ, ಫೆಬ್ರವರಿಯಲ್ಲೇ ಅಕ್ಕಪಕ್ಕದವರನ್ನು ವಿಚಾರಿಸಿ. 1956ರಲ್ಲಿ ಶುರುವಾದ ನಾರ್ದರ್ನ್ ವರ್ಜೀನಿಯಾ ಸ್ವಿಮ್ಮಿಂಗ್ ಲೀಗ್ ಒಂದರಲ್ಲೇ ನೂರಕ್ಕೂ ಹೆಚ್ಚು ಕೊಳಗಳ ತಂಡಗಳಿವೆ. ಹೀಗಾಗಿ ಒಂದು ಕಡೆ ಜಾಗವಿಲ್ಲದಿದ್ದರೆ ಇನ್ನೊಂದು ಕಡೆ ಕೇಳಬಹುದು.

ಸಾಮಾನ್ಯವಾಗಿ 8 ವರ್ಷ ಮತ್ತು ಕೆಳಗಿನವರು, 9–10, 11–12, 13–14, 15–18 ಎಂದು ಗುಂಪುಗಳಿರುತ್ತವೆ. ಎಷ್ಟೋ ಲೀಗ್‌ಗಳಲ್ಲಿ ಜೂನ್ 1ಕ್ಕೆ ಮಗುವಿಗೆ ಎಷ್ಟು ವಯಸ್ಸು ಎಂಬುದೇ ಲೆಕ್ಕ. ತಂಡದವರನ್ನು ಮುಖ್ಯವಾಗಿ ಎರಡು ಮಾತು ಕೇಳಿ: ಸೇರಲು ಮಗುವಿಗೆ ಏನೇನು ಬರಬೇಕು? ಅಷ್ಟು ಬಾರದವರಿಗೆ ಪ್ರೀ-ಟೀಮ್ ಇದೆಯೇ? ಇದ್ದರೆ ಸಂಕೋಚವಿಲ್ಲದೆ ಅದಕ್ಕೇ ಸೇರಿಸಿ.

ಹಂತ 2: ಉಸಿರು

ಉಳಿದ ಹಂತಗಳನ್ನೆಲ್ಲ ಒಟ್ಟುಗೂಡಿಸಿದರೂ ಇದಕ್ಕೆ ಬೇಕಾದಷ್ಟು ಸಮಯ ಹಿಡಿಯುವುದಿಲ್ಲ. ಊರಿನ ಬಾವಿಯಲ್ಲೋ ಕೆರೆಯಲ್ಲೋ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಸಿಕೊಂಡು ಈಜು ಕಲಿತ ಅಪ್ಪ, ಅಜ್ಜಂದಿರು ತಲೆ ಮೇಲೆತ್ತಿಕೊಂಡೇ ಈಜುತ್ತಾರೆ. ಬಾವಿಗೆ ಅದು ಸರಿ, ಎದುರಿಗೆ ಏನಿದೆ ಎಂದು ಕಾಣಬೇಕಲ್ಲ. ಆದರೆ ತಲೆ ಮೇಲೆದ್ದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಇಳಿದ ಕಾಲನ್ನು ಎಳೆದುಕೊಂಡು ಹೋಗುವ ಮಗು ಅರ್ಧ ದಾರಿಯಲ್ಲೇ ಸುಸ್ತಾಗುತ್ತದೆ. ನೀವು ಹೇಳಿಕೊಡುವವರಾದರೆ ಈ ಅಭ್ಯಾಸ ಮಗುವಿಗೆ ಹತ್ತದಂತೆ ನೋಡಿಕೊಳ್ಳಿ.

ಎದೆಮಟ್ಟದ ನೀರಿನಲ್ಲಿ ಗೋಡೆ ಹಿಡಿಸಿ ನಿಲ್ಲಿಸಿ. ಬಾಯಿಂದ ಉಸಿರೆಳೆದುಕೊಂಡು ಮುಖ ಅದ್ದಿ, ಮೂಗು ಬಾಯಿಗಳಿಂದ ಗುಳ್ಳೆ ಬಿಡಲಿ. ಉಸಿರು ಹಿಡಿದಿಟ್ಟುಕೊಂಡು, ತಲೆ ಮೇಲೆತ್ತಿದ ಮೇಲೆ ಬಿಟ್ಟು ಮತ್ತೆ ಎಳೆಯಲು ಹೋಗುವುದೇ ಹೊಸಬರ ದೊಡ್ಡ ತೊಡಕು. ಅಷ್ಟಕ್ಕೆಲ್ಲ ಅಲ್ಲಿ ಸಮಯವಿರುವುದಿಲ್ಲ. ನೀರೊಳಗೆ ಬಿಡಬೇಕು, ಮೇಲೆ ಎಳೆಯಬೇಕು. ಇದು ಕೂಡಿಬಂದ ಮೇಲೆ ಒಂದು ಕೈ ಮುಂದೆ ಚಾಚಿ, ಆ ಕಡೆಯ ಕಿವಿ ನೀರಿನಲ್ಲೇ ಇರುವಂತೆ ಮುಖವನ್ನು ಪಕ್ಕಕ್ಕಷ್ಟೇ ಹೊರಳಿಸುವುದನ್ನು ಕಲಿಸಿ. ಮುಖ ಅದ್ದಲು ತೀರಾ ಹೆದರುವ ಮಗುವನ್ನು ಬಲವಂತ ಮಾಡಬೇಡಿ. ಬೆನ್ನ ಮೇಲೆ ತೇಲುವುದರಿಂದ ಶುರು ಮಾಡಿ. ಚಿಕ್ಕಂದಿನಲ್ಲಿ ಮೈಕೆಲ್ ಫೆಲ್ಪ್ಸ್ ಕೂಡ ಮುಖ ಅದ್ದಲು ಒಪ್ಪದೆ ಮೊದಲು ಕಲಿತದ್ದು ಬೆನ್ನ ಮೇಲಿನ ಈಜನ್ನೇ.

ಇಲ್ಲಿ ಒಂದು ಎಚ್ಚರಿಕೆ. ನೀರೊಳಗೆ ಯಾರು ಹೆಚ್ಚು ಹೊತ್ತು ಉಸಿರು ಕಟ್ಟುತ್ತಾರೆ ಎಂಬ ಪಂದ್ಯಕ್ಕೆ ಮಕ್ಕಳನ್ನು ಎಂದಿಗೂ ಬಿಡಬೇಡಿ. ಮುಳುಗುವ ಮೊದಲು ಜೋರಾಗಿ ಉಸಿರೆಳೆದು ಬಿಡುತ್ತಿದ್ದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ, ಉಸಿರು ಬೇಕೆಂಬ ಒತ್ತಡವೇ ಹುಟ್ಟದೆ ಮಗು ಸದ್ದಿಲ್ಲದೆ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜುವವರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ.

ಹಂತ 3: ಒಂದು ತುದಿಯಿಂದ ಇನ್ನೊಂದಕ್ಕೆ

ಬೇಸಿಗೆ ಲೀಗ್‌ಗಳ ಕೊಳ 25 ಗಜ ಅಥವಾ 25 ಮೀಟರ್ ಉದ್ದ. 25 ಗಜವೆಂದರೆ 23 ಮೀಟರ್‌ಗೆ ತುಸು ಕಡಿಮೆ. ಲೇನ್ ಹಗ್ಗ ಹಿಡಿಯದೆ, ನಡುವೆ ನೆಲಕ್ಕೆ ಕಾಲೂರದೆ ಇಷ್ಟನ್ನು ಫ್ರೀಸ್ಟೈಲ್‌ನಲ್ಲಿ ದಾಟುವುದೇ ಮಾರ್ಚ್, ಏಪ್ರಿಲ್‌ನ ಗುರಿ. ಹತ್ತಿರದ ವೈಎಂಸಿಎ ಅಥವಾ ಕೌಂಟಿಯ ಒಳಾಂಗಣ ಕೊಳದಲ್ಲಿ ವಾರಕ್ಕೆ ಎರಡು ಸಲ ತರಗತಿಯಿದ್ದರೆ ಒಳ್ಳೆಯದು. ಮೊದಲು ಅರ್ಧ ದೂರ, ವಿಶ್ರಾಂತಿ, ಮತ್ತೆ ಅರ್ಧ. ಪೂರ್ತಿ ದೂರ ಆರಾಮಾಗಿ ಬಂದ ಮೇಲೆ ಒಂದು ನಿಮಿಷ ಸುಧಾರಿಸಿಕೊಂಡು ಮತ್ತೊಮ್ಮೆ ದಾಟಿಸಿ. ಅಭ್ಯಾಸದಲ್ಲಿ ಅದನ್ನು ಹತ್ತಾರು ಸಲ ಮಾಡಬೇಕಾಗುತ್ತದೆ.

ಎರಡನೆಯದಾಗಿ ಬ್ಯಾಕ್‌ಸ್ಟ್ರೋಕ್ ಕಲಿಸಿ. ಗೋಡೆಗೆ 5 ಗಜ ದೂರದಲ್ಲಿ (ಮೀಟರ್ ಕೊಳವಾದರೆ 5 ಮೀಟರ್) ತಲೆಯ ಮೇಲೆ ಸಣ್ಣ ಬಾವುಟಗಳ ಸಾಲು ಕಟ್ಟಿರುತ್ತಾರೆ. ಅದು ಕಂಡ ಮೇಲೆ ಗೋಡೆ ಮುಟ್ಟಲು ತನಗೆ ಎಷ್ಟು ಸಲ ಕೈ ಬೀಸಬೇಕು ಎಂದು ಮಗು ಎಣಿಸಿಟ್ಟುಕೊಂಡರೆ ತಲೆಗೆ ಪೆಟ್ಟು ಬೀಳುವುದಿಲ್ಲ. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈಗಳನ್ನು ಕೋಚ್‌ಗೆ ಬಿಟ್ಟುಬಿಡಿ. ಮನೆಯಲ್ಲಿ ಅರೆಬರೆ ಕಲಿಸಿದ ಬ್ರೆಸ್ಟ್‌ಸ್ಟ್ರೋಕ್ ಕಾಲನ್ನು ತಿದ್ದುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ತಲೆ ಮುಂದಾಗಿ ಧುಮುಕುವುದನ್ನಂತೂ ನೀವಾಗಿ ಕಲಿಸಲೇಬೇಡಿ. ಆಳವಿಲ್ಲದ ನೀರಿಗೆ ಹಾಗೆ ಧುಮುಕಿದರೆ ಕತ್ತಿನ ಮೂಳೆ ಮುರಿಯಬಹುದು. ಆಳವಾದ ಕಡೆ, ಕೋಚ್ ಎದುರಿಗೆ, ಮೊದಲು ಕೂತು, ಆಮೇಲೆ ಮಂಡಿಯೂರಿ, ಕೊನೆಗೆ ನಿಂತು ಕಲಿಯಲಿ. ಅದು ಬರುವತನಕ ನೀರಿನೊಳಗೇ ಗೋಡೆ ಹಿಡಿದು, ಕಾಲಿನಿಂದ ಒದ್ದು ಹೊರಡಬಹುದು.

ಹಂತ 4: ಲೇನಿನ ರೀತಿ

ಹೊಸ ಮಕ್ಕಳು ಕಂಗಾಲಾಗುವುದು ನೀರಿಗಿಂತ ಹೆಚ್ಚಾಗಿ ಇಲ್ಲಿ. ಲೇನಿನ ತಳದಲ್ಲಿ ಕಪ್ಪು ಗೆರೆಯಿರುತ್ತದೆ. ಹೋಗುವಾಗಲೂ ಬರುವಾಗಲೂ ಅದರ ಬಲಕ್ಕೇ ಈಜಬೇಕು. ಮುಂದಿನವರು ಹೊರಟು ಐದು ಸೆಕೆಂಡಾದ ಮೇಲೆ ಹೊರಡಬೇಕು. ನಿಲ್ಲುವುದಾದರೆ ಗೋಡೆಯ ಮೂಲೆಗೆ ಸರಿದು, ಹಿಂದಿನವರಿಗೆ ಮುಟ್ಟಲು ಜಾಗ ಕೊಡಬೇಕು. ಮನೆಯಲ್ಲಿ ಕಾಗದದ ಮೇಲೆ ಬರೆದು ತೋರಿಸಿ, ಸಾರ್ವಜನಿಕ ಕೊಳದಲ್ಲಿ ಒಂದೆರಡು ಸಲ ಮಗುವಿನ ಹಿಂದೆ ನೀವೇ ಈಜಿ.

ಹಂತ 5: ಸಾಮಾನು

ಗಾಗಲ್ಸ್ ಕೊಳ್ಳುವಾಗ ಪಟ್ಟಿ ಹಾಕದೆ ಕಣ್ಣಿಗೆ ಒತ್ತಿ ನೋಡಿ. ಕ್ಷಣಕಾಲ ತಾನಾಗಿ ಅಂಟಿಕೊಂಡು ನಿಂತರೆ ಅದು ಆ ಮುಖಕ್ಕೆ ಹೊಂದುತ್ತದೆ. ಎರಡು ಜೊತೆ ಇರಲಿ. ಕ್ಯಾಪ್ ಸಿಲಿಕೋನ್‌ನದಾದರೆ ಕೂದಲು ಎಳೆಯುವುದಿಲ್ಲ. ಈಜುಡುಗೆ ಮೈಗೆ ಅಂಟಿಕೊಂಡಂತಿರಬೇಕು. ಮುಂದಿನ ವರ್ಷಕ್ಕೂ ಆಗಲೆಂದು ದೊಡ್ಡದು ಕೊಂಡರೆ ಅದು ನೀರು ತುಂಬಿಕೊಂಡು ಹಿಂದಕ್ಕೆ ಎಳೆಯುತ್ತದೆ. ತಲೆಗೆ ಎಣ್ಣೆ ಹಚ್ಚಿ ಕಳಿಸಬೇಡಿ. ಕ್ಯಾಪ್ ಜಾರುತ್ತದೆ, ಕೊಳವೂ ಜಿಡ್ಡಾಗುತ್ತದೆ. ಬದಲಿಗೆ ಇಳಿಯುವ ಮೊದಲು ಕೂದಲನ್ನು ಬರಿ ನೀರಿನಲ್ಲಿ ಚೆನ್ನಾಗಿ ನೆನೆಸಿದರೆ ಅದು ಕ್ಲೋರಿನ್ ನೀರನ್ನು ಅಷ್ಟು ಹೀರುವುದಿಲ್ಲ.

ಮೇ ಕೊನೆಯಲ್ಲಿ ಬಯಲು ಕೊಳದ ನೀರು ಥಂಡಿಯಾಗಿರುತ್ತದೆ. ಒಳಾಂಗಣ ಕೊಳದ ಬೆಚ್ಚಗಿನ ನೀರಿನಲ್ಲಿ ಕಲಿತ ಮಗು ಮೊದಲ ವಾರ ನಡುಗಿ ಅತ್ತರೆ ಅದು ಸೋಮಾರಿತನವಲ್ಲ. ಮುಂಚೆಯೇ ಹೇಳಿಟ್ಟಿರಿ, ಟವೆಲ್ ಎರಡು ಕೊಡಿ.

ಹಂತ 6: ಮೊದಲ ಮೀಟ್

ಎಷ್ಟೋ ಕಡೆ ಮೀಟ್ ನಡೆಯುವುದು ಶನಿವಾರ ಬೆಳಿಗ್ಗೆ. ಸ್ಪರ್ಧೆಯ ಸಂಖ್ಯೆ, ಹೀಟ್, ಲೇನ್ ಮೂರನ್ನೂ ಮಾರ್ಕರ್‌ನಲ್ಲಿ ಮಗುವಿನ ತೋಳಿನ ಮೇಲೆ ಬರೆಯುತ್ತಾರೆ. ಸನ್‌ಸ್ಕ್ರೀನನ್ನು ಇದಾದ ಮೇಲೆ ಹಚ್ಚಿ, ಮೊದಲೇ ಹಚ್ಚಿದರೆ ಶಾಯಿ ನಿಲ್ಲುವುದಿಲ್ಲ. ಪೂರಿ, ವಡೆ ಆ ದಿನ ಬೇಡ. ಹೊರಡುವ ಮೊದಲು ಎರಡು ಇಡ್ಲಿ, ನಡುನಡುವೆ ಬಾಳೆಹಣ್ಣು, ಖರ್ಜೂರ, ಬೇಕಾದಷ್ಟು ನೀರು.

ಈ ಮೀಟ್‌ಗಳನ್ನು ನಡೆಸುವವರು ತಂದೆತಾಯಂದಿರೇ. ಸ್ಟಾಪ್‌ವಾಚ್ ಹಿಡಿಯಲು, ಚಿಕ್ಕ ಮಕ್ಕಳನ್ನು ಸಾಲಾಗಿ ಕೂರಿಸಲು ಜನ ಬೇಕು. ಹೊಸಬರು ಟೈಮರ್ ಕೆಲಸಕ್ಕೆ ಹೆಸರು ಕೊಡಿ. ಹತ್ತು ನಿಮಿಷದಲ್ಲಿ ಕಲಿಯಬಹುದು, ಲೇನಿನ ತುದಿಯಲ್ಲೇ ನಿಂತು ಎಲ್ಲ ಮಕ್ಕಳನ್ನೂ ನೋಡಬಹುದು. ಇಂಗ್ಲಿಷ್ ಮಾತಿಗೆ ಅಳುಕುವ ಅಮ್ಮಂದಿರು ಈ ಕೆಲಸದಿಂದಲೇ ನೆರೆಹೊರೆಯವರಿಗೆ ಹತ್ತಿರವಾಗಿದ್ದನ್ನು ಕಂಡಿದ್ದೇನೆ.

ಮೊದಲ ಬೇಸಿಗೆಯಲ್ಲಿ ಮಗು ಡಿಸ್‌ಕ್ವಾಲಿಫೈ ಆಗುವುದು ಮಾಮೂಲು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡೂ ಕೈ ಒಟ್ಟಿಗೆ ಗೋಡೆ ಮುಟ್ಟಿಲ್ಲ, ಬ್ಯಾಕ್‌ಸ್ಟ್ರೋಕ್‌ನಲ್ಲಿ ಮುಟ್ಟುವ ಮೊದಲೇ ಬೋರಲಾಯಿತು, ಇಂಥವೇ ಕಾರಣ. ಅದನ್ನು ಬರೆದ ಚೀಟಿ ಕೋಚ್ ಕೈ ಸೇರುತ್ತದೆ. ತೀರ್ಪುಗಾರರ ಬಳಿ ವಾದಕ್ಕೆ ಹೋಗಬೇಡಿ. ಏನು ತಪ್ಪಾಯಿತೆಂದು ಮಗುವೇ ಕೋಚನ್ನು ಕೇಳಲಿ. ಆ ವಾರದ ಅಭ್ಯಾಸದಲ್ಲಿ ಅದೊಂದನ್ನೇ ತಿದ್ದಿಕೊಂಡು ಮುಂದಿನ ಮೀಟ್‌ನಲ್ಲಿ ಮತ್ತೆ ಅದೇ ಸ್ಪರ್ಧೆಗೆ ಇಳಿಯಲಿ.